ಅದೇ ಪ್ಯಾಕೆಟ್, ಅದೇ ಟ್ರೇ, ಬೇಸಿಗೆಗೆ ಮಾತ್ರ ಮೊಳಕೆ ಇಲ್ಲ

ಪ್ರಶ್ನೆ: ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಸಣ್ಣ ಬಾಲ್ಕನಿ. ಚಳಿಗಾಲದಲ್ಲಿ ಒಂದು ಟ್ರೇ ಲೆಟ್ಯೂಸ್ ಬಿತ್ತಿದ್ದೆ. ಐದನೇ ದಿನ ಮೊಳಕೆ ಬಂತು, ತಿಂಗಳು ಕಳೆಯುವಷ್ಟರಲ್ಲಿ ಎಲೆ ಕೊಯ್ದೆ. ಉಳಿದ ಬೀಜವನ್ನು ಬೇಸಿಗೆಯಲ್ಲಿ ಮೂರು ಸಲ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಜೊತೆಗೆ ಹಾಕಿದ ಅರುಗುಲಾ ಸೊಪ್ಪು ಮೊಳೆಯಿತು, ಆದರೆ ಗೇಣುದ್ದ ಆಗುವ ಮೊದಲೇ ಹೂವಿನ ದಂಟು ಎತ್ತಿತು. ಎಲೆ ಬಾಯಿಗೆ ಇಡಲಾಗದಷ್ಟು ಖಾರ, ಕಹಿ. ಬಿಸಿಲೇ ಕಾರಣ ಅಂದುಕೊಂಡು ಬೇರೊಂದು ಸೊಪ್ಪಿನ ಮಿಶ್ರಣವನ್ನು ಒಳಗೆ ಕಿಟಕಿ ಪಕ್ಕ ಬಿತ್ತಿದೆ. ಸಸಿಗಳು ನೂಲಿನ ಹಾಗೆ ಉದ್ದಕ್ಕೆ ಎದ್ದು ಮಲಗಿಬಿಟ್ಟವು. ಬೀಜ ಹಾಳಾಗಿದೆ ಅಂತ ಒಬ್ಬರು, ಬಿಸಿನೀರಲ್ಲಿ ನೆನೆಸಿ ಅಂತ ಇನ್ನೊಬ್ಬರು, ಎರಡು ಬೆರಳು ಆಳಕ್ಕೆ ಹೂಳು ಅಂತ ನಮ್ಮ ಅತ್ತೆ. ಸಲಾಡ್ ಸೊಪ್ಪನ್ನು ವರ್ಷಪೂರ್ತಿ ಮನೆಯಲ್ಲೇ ಬೆಳೆಯುವುದು ನಿಜವಾಗಿ ಆಗುತ್ತಾ? ಗ್ರೋ ಲೈಟ್ (ಗಿಡ ಬೆಳೆಸುವ ದೀಪ) ಕೊಳ್ಳಲೇಬೇಕಾ? ಕಹಿಯಾದ ಎಲೆ ತಿಂದರೆ ಏನಾದರೂ ತೊಂದರೆಯಾ?

ಉತ್ತರ: ಮೊದಲು ಬೀಜದ ಮೇಲಿನ ಅಪವಾದ ತೆಗೆದುಬಿಡೋಣ. ನಿಮ್ಮ ಬೀಜ ಬಹುಶಃ ಸತ್ತಿಲ್ಲ. ತಂಪಾದ, ತೇವವಿಲ್ಲದ ಜಾಗದಲ್ಲಿ ಇಟ್ಟರೆ ಲೆಟ್ಯೂಸ್ ಬೀಜ ಮೂರು ವರ್ಷ ಆರಾಮಾಗಿ ಇರುತ್ತದೆ. ನಿಮ್ಮದು ಕೆಲವೇ ತಿಂಗಳ ಹಿಂದೆ ಚೆನ್ನಾಗಿ ಮೊಳೆತ ಪ್ಯಾಕೆಟ್. ಅದು ಸತ್ತಿಲ್ಲ, ಮಲಗಿದೆ. ಎಬ್ಬಿಸಬಹುದು.

ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮೊಳೆಯದ ಲೆಟ್ಯೂಸ್, ಅವಸರದಲ್ಲಿ ಹೂ ಬಿಟ್ಟ ಅರುಗುಲಾ, ಮಲಗಿದ ಸಸಿ. ಮೂರಕ್ಕೂ ‘ಬಿಸಿಲು’ ಅಂತ ಒಂದೇ ಹೆಸರು ಇಟ್ಟಿದ್ದೀರಿ, ಅಲ್ಲೇ ಎಡವಟ್ಟಾಗಿದ್ದು. ಮೊದಲನೆಯದು ಮಣ್ಣಿನ ಬಿಸಿಯ ತೊಂದರೆ. ಎರಡನೆಯದು ಹಗಲಿನ ಉದ್ದ, ಬಿಸಿ ಮತ್ತು ನೀರಿನದು. ಮೂರನೆಯದು ಬೆಳಕು ಸಾಲದೆ ಬಂದದ್ದು. ಬಿಸಿಲಿನಿಂದ ತಪ್ಪಿಸಲು ಹೋಗಿ ಸಸಿಗಳನ್ನು ಕತ್ತಲೆಗೆ ತಳ್ಳಿದಿರಿ.

ಲೆಟ್ಯೂಸ್ ವಿಷಯಕ್ಕೆ ಬರುತ್ತೇನೆ. ಇದು ನನಗೇ ಪಾಠ ಕಲಿಸಿದ ಬೀಜ. ನರ್ಸರಿ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ ಇಪ್ಪತ್ತು ಟ್ರೇ ಲೆಟ್ಯೂಸ್ ಬಿತ್ತಿದ್ದೆ. ತಗಡಿನ ಚಾವಣಿ, ಕಪ್ಪು ಪ್ಲಾಸ್ಟಿಕ್ ಟ್ರೇ. ಹತ್ತು ದಿನ ಕಾದೆ. ಏನೂ ಇಲ್ಲ. ಬೀಜ ಮಾರಿದವರ ಜೊತೆ ಫೋನಿನಲ್ಲಿ ಜಗಳ ಆಡಿ, ಟ್ರೇಗಳನ್ನು ಗೋಡೆಯ ಹಿಂದಿನ ನೆರಳಲ್ಲಿ ಒಂದರ ಪಕ್ಕ ಒಂದು ಎಸೆದೆ. ಆಮೇಲೆ ಎರಡು ದಿನ ಮೋಡ ಕವಿದು ಮಳೆ ಸುರಿಯಿತು. ಒಂದು ವಾರ ಬಿಟ್ಟು ಬೇರೇನೋ ಹುಡುಕಲು ಹೋದಾಗ ನೋಡಿದರೆ ಟ್ರೇ ತುಂಬಾ ಹಸಿರು. ಫೋನ್ ಮಾಡಿ ಕ್ಷಮೆ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಆಗಿದ್ದೇನು? ಲೆಟ್ಯೂಸ್ ಬೀಜಕ್ಕೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. 25 ದಾಟಿದರೆ ಹಿಂಜರಿಯುತ್ತದೆ, 30ರ ಹತ್ತಿರ ಬಹಳಷ್ಟು ತಳಿಗಳು ನಿಂತೇ ಬಿಡುತ್ತವೆ. ಬೀಜದೊಳಗೆ ಭ್ರೂಣದ ಸುತ್ತ ಒಂದು ತೆಳು ಪೊರೆ ಇದೆ. ಬೇರಿನ ತುದಿ ಹೊರಗೆ ಬರಬೇಕಾದರೆ ಆ ಪೊರೆ ಮೊದಲು ಸಡಿಲವಾಗಬೇಕು. ಬಿಸಿಯಲ್ಲಿ ಅದು ಸಡಿಲವಾಗುವುದಿಲ್ಲ. ಬೀಜ ನೀರು ಕುಡಿದು ಉಬ್ಬಿರುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. ಇದು ಬೀಜದ ದೋಷ ಅಲ್ಲ, ಜಾಣತನ. ಲೆಟ್ಯೂಸಿನ ಕಾಡು ಪೂರ್ವಜರು ಬೇಸಿಗೆಯಲ್ಲಿ ಒಣಗಿ, ಚಳಿಗಾಲದ ಕಡೆಗೆ ಮಳೆ ಕಾಣುವ ನೆಲದವರು. ಬೇಸಿಗೆಯ ಒಂದು ಸುಳ್ಳು ಮಳೆಗೆ ಮೊಳೆತರೆ ವಾರದಲ್ಲಿ ಒಣಗಿಹೋಗುತ್ತಿದ್ದವು. ತಂಪಾಗುವ ತನಕ ಕಾಯುವುದು ಅವುಗಳ ರಕ್ತದಲ್ಲೇ ಇದೆ.

ನೆನಪಿಡಿ, ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ಬಿಸಿ ಅಲ್ಲ, ಮಣ್ಣಿನ ಬಿಸಿ. ಪಶ್ಚಿಮದ ಬಾಲ್ಕನಿ ಅಂದಿರಿ. ಸಂಜೆ ನಾಲ್ಕಕ್ಕೆ ನಿಮ್ಮ ಟ್ರೇಯ ಮಣ್ಣಿಗೆ ಒಂದು ಥರ್ಮಾಮೀಟರ್ ಚುಚ್ಚಿ ನೋಡಿ. ಕಪ್ಪು ಟ್ರೇ, ಕಾದ ಸಿಮೆಂಟ್ ನೆಲ ಎರಡೂ ಸೇರಿದರೆ ಮಣ್ಣು ಗಾಳಿಗಿಂತ ಎಷ್ಟೋ ಡಿಗ್ರಿ ಜಾಸ್ತಿ ಕಾದಿರುತ್ತದೆ.

ಇನ್ನು ಅತ್ತೆಯವರ ಸಲಹೆ. ಅರ್ಧ ಸರಿ. ಮೇಲ್ಮಣ್ಣು ಬೇಗ ಒಣಗುತ್ತದೆ, ನೆನೆದು ಬೇರು ಒಡೆಯುತ್ತಿರುವ ಬೀಜ ಒಣಗಿದರೆ ಸಾಯುತ್ತದೆ ಎಂಬ ಅವರ ಚಿಂತೆ ನಿಜ. ದೊಡ್ಡ ಬೀಜಗಳಿಗೆ ಆ ಆಳವೂ ಸರಿಯೇ. ಆದರೆ ಲೆಟ್ಯೂಸಿಗೆ ಬೆಳಕು ಬೇಕು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಜೊತೆಗಾರರು ‘ಗ್ರ್ಯಾಂಡ್ ರ‍್ಯಾಪಿಡ್ಸ್’ ಎಂಬ ಲೆಟ್ಯೂಸ್ ತಳಿಯ ನೆನೆದ ಬೀಜದ ಮೇಲೆ ಒಮ್ಮೆ ಕೆಂಪು ಬೆಳಕು, ಒಮ್ಮೆ ಕಡುಗೆಂಪಿನ ಆಚೆಯ ಬೆಳಕು, ಹೀಗೆ ಒಂದಾದ ಮೇಲೊಂದು ಬೀರಿ ನೋಡಿದರು. ಕೊನೆಗೆ ಬಿದ್ದದ್ದು ಕೆಂಪಾದರೆ ಬೀಜ ಮೊಳೆಯಿತು, ಇನ್ನೊಂದಾದರೆ ಸುಮ್ನೆ ಮಲಗಿತು. ಎಷ್ಟು ಸಲ ಬದಲಿಸಿದರೂ ಕೊನೆಯ ಬೆಳಕಿನ ಮಾತೇ ನಡೆಯಿತು. ಬೇರೆ ಗಿಡದ ಎಲೆ ದಾಟಿ ಬರುವ ನೆರಳಲ್ಲಿ ಆ ಎರಡನೆಯ ಬಗೆಯ ಬೆಳಕೇ ಜಾಸ್ತಿ. ಅಂದರೆ ತಲೆಯ ಮೇಲೆ ಇನ್ನೊಂದು ಗಿಡ ಇದೆಯಾ ಎಂದು ಬೀಜ ಕೇಳಿ ತಿಳಿದುಕೊಳ್ಳುತ್ತದೆ. ಈಗಿನ ಎಲ್ಲ ತಳಿಗಳೂ ಇಷ್ಟು ಹಟ ಮಾಡುವುದಿಲ್ಲ. ಆದರೂ ಬಿಸಿ ಮತ್ತು ಕತ್ತಲೆ ಸೇರಿದರೆ ಕಥೆ ಮುಗಿಯಿತು. ಆದ್ದರಿಂದ ಹೂಳಬೇಡಿ. ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಬೀಜ ಅರೆಬರೆ ಕಾಣುವಷ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಿದರೆ ಸಾಕು. ದೊಡ್ಡ ಮರದ ಅಡಿಯಲ್ಲಿ, ಬೆಳೆದ ಕುಂಡಗಳ ಸಂದಿಯಲ್ಲಿ ಬಿತ್ತಬೇಡಿ. ಒಣಗದಿರಲು ತೆಳ್ಳಗಿನ ಬಿಳಿ ಬಟ್ಟೆ ಒದ್ದೆ ಮಾಡಿ ಹೊದಿಸಿ. ಮೊದಲ ಮೊಳಕೆ ಕಂಡ ಗಳಿಗೆಯಲ್ಲೇ ತೆಗೆಯಿರಿ, ಒಂದು ದಿನ ಮರೆತರೂ ಸಸಿ ಬಟ್ಟೆಗೆ ಅಂಟಿಕೊಂಡು ಬರುತ್ತದೆ.

ಬಿಸಿನೀರಿನ ಮಾತು ಬಿಟ್ಟುಬಿಡಿ. ಬೀಜದೊಳಗಿನ ರೋಗ ಕೊಲ್ಲಲು ಬಿಸಿನೀರಿನ ಉಪಚಾರ ಇದೆ ನಿಜ. ಅದು ಡಿಗ್ರಿ, ನಿಮಿಷ ಎರಡನ್ನೂ ಕಟ್ಟುನಿಟ್ಟಾಗಿ ಅಳೆದು ಮಾಡುವ ಕೆಲಸ. ಮೊಳಕೆ ಬೇಗ ಬರಲಿ ಅಂತ ಮನೆಯಲ್ಲಿ ಅಂದಾಜಿನ ಮೇಲೆ ಮಾಡಿದರೆ ಲೆಟ್ಯೂಸಿಗೆ ನಷ್ಟವೇ ಹೊರತು ಲಾಭ ಇಲ್ಲ.

ಬೇಕಾಗಿರುವುದು ಅದರ ಉಲ್ಟಾ, ತಂಪು. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಮೇಲೆ ಬೀಜ ಹರಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಎರಡು ಮೂರು ದಿನ ಇಡಿ. ಫ್ರೀಜರಿನಲ್ಲಲ್ಲ. ಆಮೇಲೆ ಸಂಜೆ ಬಿತ್ತಿ. ಸಂಜೆಯೇ ಯಾಕೆ ಅಂದರೆ, ನೀರು ಕುಡಿದ ಮೇಲಿನ ಮೊದಲ ಕೆಲವು ಗಂಟೆಗಳಲ್ಲೇ ಬೀಜ ಬಿಸಿಗೆ ಜಾಸ್ತಿ ಹೆದರುವುದು. ಆ ಹೊತ್ತು ರಾತ್ರಿಯ ತಂಪಿನಲ್ಲಿ ಕಳೆಯಲಿ. ಮೊಳಕೆ ಬರುವ ತನಕ ಟ್ರೇಯನ್ನು ಮನೆಯ ತೀರಾ ತಂಪಾದ, ಬೆಳಕಿರುವ ಮೂಲೆಯಲ್ಲಿ ನೆಲದ ಮೇಲೆ ಇಡಿ. ಇದರಲ್ಲಿ ಅಪಾಯ ಒಂದೇ, ಮರೆವು. ಡಬ್ಬಿಯಲ್ಲಿ ವಾರಗಟ್ಟಲೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಇಲ್ಲವೇ ಬೇರು ಟಿಶ್ಯೂವಿನೊಳಗೆ ನುಗ್ಗಿ, ಬಿಡಿಸುವಾಗ ಮುರಿಯುತ್ತದೆ.

ಗುಳಿಗೆಯ ಹಾಗೆ ಲೇಪ ಮಾಡಿದ ಬೀಜವೂ ಸಿಗುತ್ತದೆ. ಅವುಗಳಲ್ಲಿ ಹಲವನ್ನು ಅರ್ಧ ದಾರಿ ಮೊಳೆಸಿ, ಬೇರು ಹೊರಬರುವ ಮೊದಲೇ ಮತ್ತೆ ಒಣಗಿಸಿರುತ್ತಾರೆ, ಹಾಗಾಗಿ ಬಿಸಿಗೆ ಅಷ್ಟು ಹೆದರುವುದಿಲ್ಲ. ಆದರೆ ಅವುಗಳ ಆಯಸ್ಸು ಕಡಿಮೆ, ಆ ಹಂಗಾಮಿನಲ್ಲೇ ಮುಗಿಸಬೇಕು.

ಈಗ ಅರುಗುಲಾ. ಗಿಡ ಎಲೆ ಬಿಡುವುದು ನಿಲ್ಲಿಸಿ ದಂಟು ಎತ್ತಿತು ಅಂದರೆ ಅದಕ್ಕೆ ‘ಇನ್ನು ಕಾಲ ಕಡಿಮೆ, ಬೀಜ ಮಾಡು’ ಎಂಬ ಸೂಚನೆ ಸಿಕ್ಕಿದೆ ಎಂದರ್ಥ. ಅರುಗುಲಾ, ಲೆಟ್ಯೂಸ್, ಪಾಲಕ್ ಎಲ್ಲವೂ ಹಗಲು ಉದ್ದವಾದಂತೆ ಹೂವಿನ ಕಡೆ ತಿರುಗುವ ಗಿಡಗಳು. ಭೂಮಧ್ಯರೇಖೆಯಿಂದ ದೂರದ ಊರುಗಳಲ್ಲಿ ಬೇಸಿಗೆಯ ಹಗಲು 16 ಗಂಟೆ ದಾಟುತ್ತದೆ, ಅಲ್ಲಿ ಪಾಲಕ್ ಅಂತೂ ನಿಲ್ಲುವುದೇ ಇಲ್ಲ. ಭೂಮಧ್ಯರೇಖೆಯ ಹತ್ತಿರ ಇದ್ದರೆ ಹಗಲು ವರ್ಷವಿಡೀ 12 ಗಂಟೆಯ ಆಸುಪಾಸು, ಅಲ್ಲಿ ತಳ್ಳುವುದು ಬಿಸಿ ಮತ್ತು ಬಾಯಾರಿಕೆ. ಎರಡೂ ಕಡೆ ಕೆಲಸ ಕೆಡಿಸುವುದು ಇಕ್ಕಟ್ಟಾದ ಬೇರು ಮತ್ತು ಒಮ್ಮೆ ಒಣಗಿ ಬಾಡಿದ ಮಣ್ಣು. ಒಂದು ಮಧ್ಯಾಹ್ನ ಪೂರ್ತಿ ಬಾಡಿ ಸಂಜೆ ನೀರು ಕುಡಿದು ಎದ್ದ ಗಿಡ ನೋಡಲು ಸರಿ ಹೋಯಿತು ಅನಿಸುತ್ತದೆ. ಅದು ಮಾತ್ರ ಆ ಮಧ್ಯಾಹ್ನವನ್ನು ಮರೆತಿರುವುದಿಲ್ಲ.

ಹೂ ಚಿವುಟಿದರೆ ಗಿಡ ಮತ್ತೆ ಎಳೆಯದಾಗುತ್ತದೆ ಎಂಬುದು ಬರೀ ಆಸೆ. ಇನ್ನೆರಡು ಹಿಡಿ ಸಣ್ಣ ಎಲೆ ಸಿಗಬಹುದು, ಅಷ್ಟೇ. ಎಲೆಯ ಗುಣ ಬದಲಾಗಿ ಆಗಿದೆ.

ಕಹಿ ವಿಷ ಅಲ್ಲ, ಹೆದರಬೇಡಿ. ದಂಟು ಎತ್ತಿದ ಲೆಟ್ಯೂಸ್ ಮುರಿದು ನೋಡಿ, ಬಿಳಿ ಹಾಲು ಜಿನುಗುತ್ತದೆ. ಲ್ಯಾಟಿನ್ನಿನಲ್ಲಿ ಹಾಲಿಗೆ ಇರುವ ಪದದಿಂದಲೇ ಅದರ ಶಾಸ್ತ್ರೀಯ ಹೆಸರು ‘ಲ್ಯಾಕ್ಟೂಕಾ’ ಬಂದದ್ದು. ಕಹಿ ಇರುವುದು ಆ ಹಾಲಿನಲ್ಲಿ. ಕೀಟಗಳು ಹತ್ತಿರ ಬಾರದಿರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು. ಅರುಗುಲಾದ ಖಾರ ಬೇರೆ ಜಾತಿಯದು, ಅದು ಸಾಸಿವೆಯ ನೆಂಟ. ತಣ್ಣೀರಲ್ಲಿ ನೆನೆಸಿದರೆ ಬಾಡಿದ ಎಲೆ ಗರಿಗರಿ ಆಗುತ್ತದೆ, ಕಹಿ ಅಷ್ಟಾಗಿ ಹೋಗುವುದಿಲ್ಲ.

ತಪ್ಪಿಸುವ ದಾರಿ? ಗಿಡ ಹೂವಿನ ಯೋಚನೆ ಮಾಡುವ ಮೊದಲೇ ಕೊಯ್ದುಬಿಡುವುದು. ಅರುಗುಲಾ ಬೆರಳುದ್ದ ಇರುವಾಗ, ಬಿತ್ತಿ ಮೂರು ನಾಲ್ಕು ವಾರಕ್ಕೆ, ಮೊದಲ ಕೊಯ್ಲು. ಕತ್ತರಿಯನ್ನು ಮಣ್ಣಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿಯಿರಿ. ನಡುವಿನ ಎಳೆ ಸುಳಿಗೆ ಏಟು ಬೀಳಬಾರದು, ಹೊಸ ಎಲೆ ಬರುವುದು ಅಲ್ಲಿಂದಲೇ. ಎರಡು, ಹೆಚ್ಚೆಂದರೆ ಮೂರು ಕೊಯ್ಲು. ಆಮೇಲೆ ಮೋಹ ಬಿಟ್ಟು ಕಿತ್ತುಹಾಕಿ. ಮನೆ ತೋಟದವರು ಸೋಲುವುದು ಇಲ್ಲೇ. ಮುದಿಯಾದ ಟ್ರೇಗೆ ತಿಂಗಳುಗಟ್ಟಲೆ ನೀರು, ಗೊಬ್ಬರ ಹಾಕುತ್ತಾ ಕೂರುತ್ತಾರೆ, ಹೊಸದು ಬಿತ್ತುವುದಿಲ್ಲ.

ನಿಮ್ಮ ‘ವರ್ಷಪೂರ್ತಿ ಆಗುತ್ತಾ’ ಎಂಬ ಪ್ರಶ್ನೆಗೂ ನನ್ನ ಉತ್ತರ ಇದೇ. ಆಗುತ್ತದೆ, ಆದರೆ ವರ್ಷಪೂರ್ತಿ ಬಿತ್ತಬೇಕು. ಒಂದು ಗ್ರಾಂನಲ್ಲಿ ಸುಮಾರು 800ರಿಂದ 1000 ಲೆಟ್ಯೂಸ್ ಬೀಜ ಇರುತ್ತವೆ. ನೀವು ಒಂದೇ ಸಲಕ್ಕೆ ಅರ್ಧ ಪ್ಯಾಕೆಟ್ ಸುರಿದಿರಬೇಕು, ಅಲ್ವಾ? ಹಾಗೆ ಮಾಡಿದರೆ ಒಂದು ವಾರ ಸೊಪ್ಪಿನ ರಾಶಿ, ಆಮೇಲೆ ಎರಡು ತಿಂಗಳು ಖಾಲಿ. ಸಣ್ಣ ಟ್ರೇ ಮೂರೋ ನಾಲ್ಕೋ ಇಟ್ಟುಕೊಳ್ಳಿ. ಎರಡು ವಾರಕ್ಕೊಂದರಂತೆ ಬಿತ್ತಿ, ಬೀಜದಿಂದ ಬೀಜಕ್ಕೆ ಒಂದು ಸೆಂಟಿಮೀಟರ್. ಒಂದು ಮೊಳಕೆಯಲ್ಲಿ, ಒಂದು ಬೆಳೆಯುತ್ತಾ, ಒಂದು ಕೊಯ್ಲಿನಲ್ಲಿ, ಒಂದು ಕೊನೆಯುಸಿರಲ್ಲಿ. ಟ್ರೇ ಹತ್ತು ಹನ್ನೆರಡು ಸೆಂಟಿಮೀಟರ್ ಆಳ ಇದ್ದರೆ ಎಲೆಗೆ ಸಾಕು. ತಳದಲ್ಲಿ ತೂತು ಇರಲೇಬೇಕು.

ಮತ್ತೆ, ವರ್ಷಪೂರ್ತಿ ಅದೇ ಎಲೆ ಬೇಕು ಅಂತ ಹಟ ಹಿಡಿಯಬೇಡಿ. ಕಾಲಕ್ಕೆ ತಕ್ಕ ಸೊಪ್ಪು ಹಾಕಿದವರು ನನಗಿಂತ ಕಡಿಮೆ ಕಷ್ಟಪಡುತ್ತಾರೆ. ತಂಪಿನ ತಿಂಗಳುಗಳಲ್ಲಿ ಲೆಟ್ಯೂಸ್, ಪಾಲಕ್, ಅರುಗುಲಾ, ಸಾಸಿವೆ, ಮಿಜುನಾ ಎಂಬ ಜಪಾನಿ ಸೊಪ್ಪು. ಸುಡುವ ತಿಂಗಳುಗಳಲ್ಲಿ ಎಳೆ ಹರಿವೆ, ಗೋಣಿಸೊಪ್ಪು, ಎಳೆ ಬಸಳೆ. 30 ಡಿಗ್ರಿಗೆ ಲೆಟ್ಯೂಸ್ ಮಲಗಿದರೆ ಹರಿವೆ ಎದ್ದು ಕುಣಿಯುತ್ತದೆ. ಎಳೆಯದಿರುವಾಗಲೇ ಕೊಯ್ದರೆ ಕೆಂಪು ಹರಿವೆ ಸಲಾಡಿಗೆ ಬಣ್ಣವೂ ಹೌದು, ಮೆದುವೂ ಹೌದು. ಹಿಮ ಬೀಳುವಷ್ಟು ಚಳಿ ಇರುವ ಕಡೆ ಕಾರ್ನ್ ಸ್ಯಾಲಡ್, ಕ್ಲೇಟೋನಿಯಾ ಎಂಬ ಸೊಪ್ಪುಗಳು ತಡೆದು ನಿಲ್ಲುತ್ತವೆ. ಆದರೆ ಹಗಲು 10 ಗಂಟೆಗಿಂತ ಕಡಿಮೆಯಾದರೆ ಯಾವ ಸೊಪ್ಪೂ ಹೆಚ್ಚುಕಡಿಮೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಮುಂಚೆಯೇ ಬಿತ್ತಿ ಬೆಳೆಸಿಟ್ಟುಕೊಂಡಿರಬೇಕು.

ಬೇಸಿಗೆಯಲ್ಲೂ ಲೆಟ್ಯೂಸೇ ಬೇಕು ಅಂದರೆ ಬಾಲ್ಕನಿಗೆ ಶೇಕಡ 50ರ ಶೇಡ್ ನೆಟ್ (ಅರ್ಧ ಬಿಸಿಲು ತಡೆಯುವ ನೆರಳು ಬಲೆ) ಕಟ್ಟಿ, ಟ್ರೇಗೆ ಬಿಳಿ ಕಾಗದ ಸುತ್ತಿ, ನೆಲಕ್ಕೂ ಟ್ರೇಗೂ ನಡುವೆ ಎರಡು ಇಟ್ಟಿಗೆ ಇಡಿ. ತಲೆ ಕಟ್ಟುವ ಜಾತಿ ಬಿಟ್ಟು ಬಿಡಿ ಎಲೆಯ ಜಾತಿ ಆರಿಸಿ. ಇಷ್ಟಾದರೂ ರುಚಿ ಚಳಿಗಾಲದ್ದಕ್ಕೆ ಸಮ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಿಟಕಿ ಪಕ್ಕದ ಸಸಿಗಳ ವಿಷಯ. ಇಲ್ಲಿ ಒಂದು ಪತ್ತೇದಾರಿ ಕೆಲಸ ಇದೆ. ಮಲಗಿದ ಸಸಿಯನ್ನು ಕಿತ್ತು ಬುಡ ನೋಡಿ. ಕಾಂಡ ಉದ್ದ, ಬಿಳಿಚು, ಆದರೆ ಬುಡ ಗಟ್ಟಿಯಾಗಿದ್ದರೆ ಬೆಳಕು ಸಾಲಲಿಲ್ಲ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಚಿವುಟಿದ ಹಾಗೆ ಸಣ್ಣಗಾಗಿ, ನೀರು ನೀರಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬುಡ ಕೊಳೆಯುವ ರೋಗ. ಪಿಥಿಯಂ, ರೈಜೋಕ್ಟೋನಿಯಾ ಎಂಬ ಸೂಕ್ಷ್ಮಜೀವಿಗಳ ಕೆಲಸ. ಹೀಗಾದ ಸಸಿ ಏಳುವುದಿಲ್ಲ. ದಾಲ್ಚಿನ್ನಿ ಪುಡಿ ಉದುರಿಸಿ ಅನ್ನುವವರಿದ್ದಾರೆ. ಅದರಿಂದ ಉಳಿದ ಟ್ರೇ ನಾನಂತೂ ನೋಡಿಲ್ಲ. ಆ ಭಾಗವನ್ನು ಮಣ್ಣಿನ ಸಮೇತ ತೆಗೆದುಹಾಕಿ. ಮುಂದಿನ ಸಲ ತೊಳೆದ ಟ್ರೇ, ಹೊಸ ಮಿಶ್ರಣ, ವಿರಳ ಬಿತ್ತನೆ, ತಳದಿಂದ ನೀರು. ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಕಾಲು ಗಂಟೆ ಇಟ್ಟು ಎತ್ತಿದರೆ ಮೇಲ್ಮಣ್ಣು ಒಣಗಿರುತ್ತದೆ, ಬೇರು ಕುಡಿದಿರುತ್ತದೆ. ಮಣ್ಣಿನ ಮೇಲೆ ಹಾರುವ ಚಿಕ್ಕ ಕಪ್ಪು ನೊಣಗಳಿಗೂ ಇದೇ ಮದ್ದು.

ನಿಮ್ಮ ವರ್ಣನೆ ನೋಡಿದರೆ ಬೆಳಕಿನ ಕೊರತೆಯೇ ಇರಬೇಕು. ನಮ್ಮ ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಹೊರಗಿನ ನೆತ್ತಿ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ. ರಾತ್ರಿ ದೀಪ ಹಾಕಿದ ಕೋಣೆ 100ರಿಂದ 300. ಎರಡರಲ್ಲೂ ನಾವು ಪುಸ್ತಕ ಓದುತ್ತೇವೆ, ವ್ಯತ್ಯಾಸ ಅಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಸೊಪ್ಪಿಗೆ ಗೊತ್ತಾಗುತ್ತದೆ. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬಂದರೂ ಬೆಳಕು ಕುಸಿಯುತ್ತದೆ.

ಹಾಗಂತ ಗ್ರೋ ಲೈಟ್ ಕೊಳ್ಳಲೇಬೇಕಾ? ನಿಮಗೆ ಬಾಲ್ಕನಿ ಇದೆ. ನಾನಾದರೆ ಮೊದಲು ನೆರಳು ಬಲೆಗೆ ಖರ್ಚು ಮಾಡುತ್ತೇನೆ. ಮೊಳಕೆ ಒಳಗೆ ತಂಪಲ್ಲಿ, ಮೊಳಕೆ ಒಡೆದ ದಿನವೇ ಹೊರಗೆ ನೆರಳು ಬಲೆಯ ಕೆಳಗೆ. ಬಾಲ್ಕನಿ ಇಲ್ಲದವರಿಗೆ ದೀಪ ಬೇಕೇ ಬೇಕು. ನೇರಳೆ ಬಣ್ಣದ್ದೇ ಆಗಬೇಕಿಲ್ಲ, ಸಾಮಾನ್ಯ ಬಿಳಿ ಎಲ್‌ಇಡಿ ಪಟ್ಟಿ ಸಾಕು. ಎಲೆಯ ಎತ್ತರದಲ್ಲಿ 10ರಿಂದ 15 ಸಾವಿರ ಲಕ್ಸ್, ದಿನಕ್ಕೆ 14 ಗಂಟೆ, ಸಸಿಯಿಂದ 15ರಿಂದ 30 ಸೆಂಟಿಮೀಟರ್ ದೂರ. ಫೋನಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ಇದರಲ್ಲೂ ಒಂದು ತೊಡಕಿದೆ. 14 ಗಂಟೆಯ ಬೆಳಕು ಪಾಲಕ್‌ಗೆ ಉದ್ದನೆಯ ಬೇಸಿಗೆ ಹಗಲಿನ ಹಾಗೆ ಕಾಣುತ್ತದೆ, ಎಳೆಯದಿರುವಾಗಲೇ ಕೊಯ್ಯದಿದ್ದರೆ ದಂಟು ಎತ್ತುತ್ತದೆ.

ಕಡಿಮೆ ಬೆಳಕಲ್ಲಿ ಬೆಳೆಸುವವರಿಗೆ ಇನ್ನೊಂದು ಮಾತು. ಎಲೆ ಹಸಿರಾಗಲಿ ಅಂತ ಸಾರಜನಕ ಸುರಿಯಬೇಡಿ. ಬೆಳಕು ಸಾಲದ ಎಲೆ ಅದನ್ನು ಬಳಸಲಾಗದೆ ನೈಟ್ರೇಟ್ ಆಗಿ ಕೂಡಿಟ್ಟುಕೊಳ್ಳುತ್ತದೆ. ಚಳಿಗಾಲದ ಮಂದ ಬೆಳಕಲ್ಲಿ ಹೀಗಾಗುವುದರಿಂದಲೇ ಯುರೋಪಿನ ನಿಯಮದಲ್ಲಿ ಲೆಟ್ಯೂಸ್, ಅರುಗುಲಾ ಎರಡಕ್ಕೂ ಚಳಿಗಾಲದ ನೈಟ್ರೇಟ್ ಮಿತಿ ಬೇರೆ, ಬೇಸಿಗೆಯದು ಬೇರೆ. ಕಾಂಪೋಸ್ಟ್ ಬೆರೆಸಿದ ಮಿಶ್ರಣವಾದರೆ ಮೊದಲ ಕೊಯ್ಲಿನ ತನಕ ಏನೂ ಬೇಡ. ಬರೀ ಕೋಕೋಪೀಟ್ ಆದರೆ ಅದರಲ್ಲಿ ಪೋಷಕಾಂಶ ಇಲ್ಲದಷ್ಟೇ, ಎರಡೆಲೆ ಆದ ಮೇಲೆ ದ್ರವ ಗೊಬ್ಬರವನ್ನು ಹೇಳಿದ ಅಳತೆಯ ಅರ್ಧಕ್ಕೆ ತೆಳು ಮಾಡಿ ಕೊಡಿ. ಹಸಿ ಸಗಣಿ, ಅದರ ನೀರು ಖಂಡಿತ ಬೇಡ. ಇದು ಬೇಯಿಸದೆ ತಿನ್ನುವ ಎಲೆ. ಅಮೆರಿಕದ ಸಾವಯವ ನಿಯಮದಲ್ಲಿ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನ ಕಾಯಬೇಕು. ನಮ್ಮ ಸೊಪ್ಪಿನ ಆಯಸ್ಸೇ ಅಷ್ಟಿಲ್ಲ.

ಏನೂ ಹಿಡಿಸದಿದ್ದರೆ ಮೈಕ್ರೋಗ್ರೀನ್ ಇದೆ. ಎರಡೆಲೆ ಬಿಟ್ಟ ತಕ್ಷಣ, ಒಂದರಿಂದ ಎರಡು ವಾರದೊಳಗೆ ಕೊಯ್ದು ಮುಗಿಸುವುದು. ಬೆಳಕು ಕಡಿಮೆ ಸಾಕು, ಹೂವಿನ ಭಯ ಇಲ್ಲ. ಆದರೆ ಒಂದೇ ಕೊಯ್ಲು, ಬೀಜದ ಖರ್ಚು ಜಾಸ್ತಿ. ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಬೀಜಕ್ಕೆ ಔಷಧ ಸವರಿರುತ್ತಾರೆ, ಅದನ್ನು ಇದಕ್ಕೆ ಬಳಸಲೇಬಾರದು. ಟೊಮ್ಯಾಟೊ, ಬದನೆ, ಮೆಣಸಿನ ಸಸಿಗಳನ್ನೂ ಹೀಗೆ ತಿನ್ನಬಾರದು.

ನೀವು ಇವತ್ತೇ ಮಾಡಬಹುದಾದ್ದು ಒಂದು. ಹಳೆಯ ಪ್ಯಾಕೆಟ್ಟಿನಿಂದ ಹತ್ತು ಬೀಜ ಎಣಿಸಿ ತೆಗೆದು, ಒದ್ದೆ ಟಿಶ್ಯೂ ಮೇಲೆ, ಬೆಳಕು ಹೋಗುವ ಪಾರದರ್ಶಕ ಡಬ್ಬಿಯಲ್ಲಿಡಿ. ಎರಡು ದಿನ ಫ್ರಿಜ್ಜು, ಆಮೇಲೆ ಮನೆಯ ತಂಪಾದ ಮೂಲೆ. ಐದನೇ ದಿನ ಎಣಿಸಿ. ಏಳೆಂಟು ಮೊಳೆತಿದ್ದರೆ ಧೈರ್ಯವಾಗಿ ಟ್ರೇಗೆ ಬಿತ್ತಿ. ಎರಡು ಮೂರೇ ಆದರೆ ಹೊಸ ಪ್ಯಾಕೆಟ್ ತನ್ನಿ. ಅದನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಐದು ಡಿಗ್ರಿ ತಂಪಾದರೆ ಬೀಜದ ಆಯಸ್ಸು ಇಮ್ಮಡಿ ಎಂಬುದು ಬೀಜದವರ ಹಳೆಯ ಲೆಕ್ಕ.

ಆ ಅರುಗುಲಾವನ್ನು ಇನ್ನೂ ಕಿತ್ತಿಲ್ಲವಾದರೆ ನಾಲ್ಕೈದು ಗಿಡ ಹಾಗೇ ಬಿಡಿ. ಹೂವನ್ನು ತಿನ್ನಬಹುದು, ಎಲೆಗಿಂತ ಹದವಾದ ಖಾರ. ತಿನ್ನದೆ ಬಿಟ್ಟ ಹೂ ಕಾಯಾಗುತ್ತದೆ. ಒಂಟಿ ಗಿಡದಲ್ಲಿ ಬೀಜ ಸರಿಯಾಗಿ ಕಟ್ಟುವುದಿಲ್ಲ, ಅದಕ್ಕೇ ನಾಲ್ಕೈದು ಅಂದೆ. ಕಾಯಿ ಒಣ ಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಸಿಡಿಯುವ ಮೊದಲು, ದಂಟು ಸಮೇತ ಕತ್ತರಿಸಿ ಕಾಗದದ ಚೀಲದೊಳಗೆ ತಲೆಕೆಳಗಾಗಿ ತೂಗುಹಾಕಿ. ಮುಂದಿನ ತಂಪಿನ ಬಿತ್ತನೆಗೆ ಬೀಜ ಅಲ್ಲೇ ಉದುರಿರುತ್ತದೆ.